ಲೋಡರ್ ವಾಲ್ವಿನ ‘ಔಟ್’ ಪೈಪನ್ನು ಹಿಂದಿನ ಲಿಫ್ಟಿಗೆ ಕೊಡಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬೇಲೂರು ತಾಲ್ಲೂಕು. 47 ಎಚ್‌ಪಿ ಟ್ರ್ಯಾಕ್ಟರ್ ಇದೆ. ತಿಪ್ಪೆ ಗೊಬ್ಬರ ತುಂಬಲು, ಕೆರೆ ಗೋಡು ಹೊಡೆಯಲು ಅಂತ ಒಂದು ಸೆಕೆಂಡ್ ಹ್ಯಾಂಡ್ ಲೋಡರ್ ತಂದು ಮುಂದೆ ಕೂರಿಸಿದ್ದೇನೆ. ಎರಡು ಸ್ಪೂಲಿನ ವಾಲ್ವ್, ಒಂದೇ ಜಾಯ್‌ಸ್ಟಿಕ್. ಎಂಜಿನ್ ಪಕ್ಕದ ಪಂಪಿನಿಂದ ಬರುವ ಪೈಪನ್ನು ವಾಲ್ವಿನ ‘ಇನ್’ಗೆ ಕೊಟ್ಟಿದ್ದಾರೆ. ‘ಔಟ್’ನಿಂದ ಹಿಂದಿನ ಲಿಫ್ಟಿಗೆ ಪೈಪ್ ಹೋಗಿದೆ. ಬಕೆಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹಿಂದೆ ಕಲ್ಟಿವೇಟರ್ ಎತ್ತಿದಾಗಲೆಲ್ಲ ಜಾಯ್‌ಸ್ಟಿಕ್ ಬುಡದಲ್ಲಿ ಆಯಿಲ್ ಸೋರುತ್ತದೆ. ಸೀಲ್ ಬದಲಾಯಿಸಿದರೂ ಮತ್ತೆ ಸೋರುತ್ತದೆ. ಒಬ್ಬ ಫಿಟ್ಟರ್ ‘ಪವರ್ ಬಿಯಾಂಡ್’ ಹಾಕಬೇಕು ಅನ್ನುತ್ತಾರೆ. ಇನ್ನೊಬ್ಬರು ಬೇರೆ ಪಂಪೇ ಬೇಕು ಅನ್ನುತ್ತಾರೆ. ತುಂಬಿದ ಬಕೆಟ್ ಎತ್ತಲು ಹೋದರೆ ಮೊದಲು ಸ್ವಲ್ಪ ಕುಸಿದು ಆಮೇಲೆ ಮೇಲೇಳುತ್ತದೆ, ಅದೇಕೆ? ಉಳುಮೆ ಸಮಯದಲ್ಲಿ ಲೋಡರ್ ಬಿಚ್ಚಿಟ್ಟರೆ ಪೈಪುಗಳನ್ನು ಏನು ಮಾಡಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು, ಪೈಪ್ ಸರಿಯಾಗುವ ತನಕ ಈ ಜೋಡಣೆಯಲ್ಲಿ ಹಿಂದಿನ ಲಿಫ್ಟ್ ಬಳಸಬೇಡಿ. ಉಳುಮೆ ತುರ್ತಾಗಿದ್ದರೆ ಲೋಡರ್ ವಾಲ್ವನ್ನು ಬಿಟ್ಟು, ಪಂಪಿನ ಪೈಪನ್ನು ಮೊದಲಿನಂತೆ ನೇರವಾಗಿ ಲಿಫ್ಟಿಗೇ ಸೇರಿಸಿ. ಸೀಲ್ ಕೆಟ್ಟದ್ದಲ್ಲ, ಹಾಕಿದ ಕೈಯೂ ಕೆಟ್ಟದ್ದಲ್ಲ. ಒತ್ತಡ ಬೀಳಬಾರದ ಕಡೆ ಒತ್ತಡ ಬೀಳುತ್ತಿದೆ. ಎಷ್ಟು ಸಲ ಸೀಲ್ ಬದಲಿಸಿದರೂ ಅದು ಉಳಿಯುವುದಿಲ್ಲ. ಇನ್ನೂ ಮುಂದುವರಿದರೆ ವಾಲ್ವಿನ ಎರಕದ ಮೈಯೇ ಬಿರುಕು ಬಿಡಬಹುದು.

ಏಕೆ ಅಂತ ತಿಳಿಯಲು ಆಯಿಲ್ ಹೋಗುವ ದಾರಿ ನೋಡೋಣ. ನಿಮ್ಮದು ಗೇರ್ ಪಂಪ್. ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಅದು ಆಯಿಲ್ ತಳ್ಳುತ್ತಲೇ ಇರುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಅದು ಕೇಳುವುದಿಲ್ಲ. ಹಾಗಾಗಿ ಯಾವ ಲಿವರ್ ಮುಟ್ಟದೇ ಇದ್ದಾಗಲೂ ಆಯಿಲಿಗೆ ತಿರುಗಿ ಮನೆಗೆ ಹೋಗಲು ತೆರೆದ ದಾರಿ ಇರಲೇಬೇಕು. ಇದನ್ನೇ ಓಪನ್ ಸೆಂಟರ್ ಅನ್ನುವುದು. ಗದ್ದೆ ಕಾಲುವೆಯ ಹಾಗೆ ಅಂದುಕೊಳ್ಳಿ. ನೀರು ಹರಿಯುತ್ತಲೇ ಇರುತ್ತದೆ, ನಿಮಗೆ ಬೇಕಾದಾಗ ಮಡೆ ಕಟ್ಟಿ ನಿಮ್ಮ ಗದ್ದೆಗೆ ತಿರುಗಿಸಿಕೊಳ್ಳುತ್ತೀರಿ, ಬಿಟ್ಟರೆ ಕೆಳಗಿನವರಿಗೆ ಹೋಗುತ್ತದೆ.

ಲೋಡರ್ ವಾಲ್ವಿನ ಒಳಗೆ ಎರಡು ಬೇರೆ ಬೇರೆ ದಾರಿಗಳಿವೆ. ಮೊದಲನೆಯದು ನಡುವಿನ ದಾರಿ. ಲಿವರ್ ನ್ಯೂಟ್ರಲ್‌ನಲ್ಲಿದ್ದಾಗ ಪಂಪಿನ ಆಯಿಲ್ ಎರಡೂ ಸ್ಪೂಲ್ (ಲಿವರ್ ಜೊತೆ ಸರಿದು ಆಯಿಲಿನ ದಾರಿ ಬದಲಿಸುವ ಕಡ್ಡಿಗಳು) ದಾಟಿ ಇದರಲ್ಲೇ ಆಚೆ ಹೋಗುತ್ತದೆ. ಎರಡನೆಯದು ಟ್ಯಾಂಕ್ ದಾರಿ. ಬೂಮ್ (ಬಕೆಟ್ ಹೊತ್ತ ತೋಳು) ಎತ್ತಿದಾಗ ಜಾಕಿನ (ಹೈಡ್ರಾಲಿಕ್ ಸಿಲಿಂಡರಿನ) ಆಚೆ ಬದಿಯಿಂದ ವಾಪಸ್ ಬರುವ ಆಯಿಲ್, ಒತ್ತಡ ಮಿತಿ ಮೀರಿ ರಿಲೀಫ್ ವಾಲ್ವ್ ತೆರೆದಾಗ ಹೊರಬೀಳುವ ಆಯಿಲ್, ಎರಡೂ ಇದಕ್ಕೆ ಸೇರುತ್ತವೆ. ಸ್ಪೂಲಿನ ಎರಡು ತುದಿಯ ಸೀಲ್‌ಗಳು ಕೂತಿರುವುದು ಈ ಟ್ಯಾಂಕ್ ದಾರಿಯ ಅಂಚಿನಲ್ಲಿ. ಬರೀ ವಾಪಸ್ ಹರಿಯುವ ಆಯಿಲನ್ನು ತಡೆಯಲು ಹಾಕಿದ ರಬ್ಬರಿನ ಸಣ್ಣ ಓ-ರಿಂಗ್‌ಗಳು ಅವು. ಇಂಥ ಹೆಚ್ಚಿನ ಸಣ್ಣ ವಾಲ್ವ್‌ಗಳಲ್ಲಿ ಟ್ಯಾಂಕ್ ಬದಿ ತಡೆಯುವುದು 25 ಬಾರ್ (ಒತ್ತಡದ ಅಳತೆ) ಆಸುಪಾಸು ಅಷ್ಟೇ.

ಸಾದಾ ವಾಲ್ವಿನಲ್ಲಿ ಈ ಎರಡೂ ದಾರಿ ಕೊನೆಯಲ್ಲಿ ಕೂಡಿಕೊಂಡು ಒಂದೇ ‘ಔಟ್’ನಿಂದ ಹೊರಗೆ ಬರುತ್ತವೆ. ಆ ‘ಔಟ್’ ನೇರವಾಗಿ ಟ್ಯಾಂಕಿಗೆ ಹೋದರೆ ತೊಂದರೆಯೇನಿಲ್ಲ. ನಿಮ್ಮಲ್ಲಿ ಅದು ಲಿಫ್ಟಿಗೆ ಹೋಗಿದೆ. ಕಲ್ಟಿವೇಟರ್ ಎತ್ತಲು ಲಿಫ್ಟಿಗೆ ಒಳ್ಳೆಯ ಒತ್ತಡವೇ ಬೇಕು. ಭಾರ ಜಾಸ್ತಿ ಇದ್ದರೆ ಅಥವಾ ಲಿಫ್ಟ್ ತುದಿ ಮುಟ್ಟಿದರೆ ಅದು ರಿಲೀಫ್ ತೆರೆಯುವ ಮಟ್ಟಕ್ಕೂ ಏರುತ್ತದೆ. ನಮ್ಮ ಟ್ರ್ಯಾಕ್ಟರುಗಳಲ್ಲಿ ಅದು ಸಾಮಾನ್ಯವಾಗಿ 150ರಿಂದ 200 ಬಾರ್ ನಡುವೆ ಇರುತ್ತದೆ. ಅಷ್ಟೂ ಒತ್ತಡ ಹಿಂದಕ್ಕೆ ಬಂದು ಟ್ಯಾಂಕ್ ದಾರಿಯಲ್ಲಿ ತುಂಬಿಕೊಳ್ಳುತ್ತದೆ. ಓ-ರಿಂಗ್ ಹೊರಗೆ ಉಬ್ಬಿ ಕಿತ್ತುಹೋಗುತ್ತದೆ. ಆಯಿಲ್ ಜಾಯ್‌ಸ್ಟಿಕ್ ಬುಡದಲ್ಲಿ ಇಣುಕುತ್ತದೆ. ಬರೀ ಲೋಡರ್ ಓಡಿಸುವಾಗ ಸೋರದೇ ಇರುವುದಕ್ಕೆ ಕಾರಣವೂ ಇದೇ. ಆಗ ಲಿಫ್ಟ್ ಸುಮ್ನೆ ಇರುತ್ತದೆ, ಆಯಿಲ್ ಅದರ ಮೂಲಕ ಸಲೀಸಾಗಿ ಹೌಸಿಂಗಿಗೆ (ಗೇರ್ ಬಾಕ್ಸಿನ ಮೈ, ಇಲ್ಲಿ ಟ್ಯಾಂಕ್ ಅಂದರೆ ಅದೇ) ಇಳಿಯುತ್ತದೆ.

ಹಾಗಾಗಿ ‘ಪವರ್ ಬಿಯಾಂಡ್’ ಅಂದ ಫಿಟ್ಟರ್ ಹೇಳಿದ್ದು ಸರಿ. ಅವರ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಆ ಹೆಸರು ಕೇಳಿ ಅಂಗಡಿಯಲ್ಲಿ ಏನೋ ಒಂದು ನಿಪ್ಪಲ್ ತಂದು ತಿರುಗಿಸಿದರೆ ಈಗಿರುವುದಕ್ಕಿಂತ ದೊಡ್ಡ ಅನಾಹುತ ಆಗುತ್ತದೆ.

ಪವರ್ ಬಿಯಾಂಡ್ ಅಂದರೆ ಒಂದು ಸ್ಲೀವ್. ಹೊರಗಿನಿಂದ ನೋಡಿದರೆ ದಪ್ಪ ನಿಪ್ಪಲ್ ಹಾಗೆ ಕಾಣುತ್ತದೆ. ಒಳಗಿನ ತುದಿಯಲ್ಲಿ ಉದ್ದದ ಮೂತಿ, ಅದರ ಮೇಲೆ ಓ-ರಿಂಗ್ ಇರುತ್ತದೆ. ಅದನ್ನು ತಿರುಗಿಸಿ ಕೂರಿಸಿದಾಗ ಆ ಮೂತಿ ವಾಲ್ವಿನ ಒಳಗೆ ನಡುವಿನ ದಾರಿಯ ಕೊನೆಯನ್ನು ಹಿಡಿದುಕೊಂಡು ಟ್ಯಾಂಕ್ ದಾರಿಯಿಂದ ಬೇರೆ ಮಾಡುತ್ತದೆ. ಆಗ ವಾಲ್ವಿನಿಂದ ಎರಡು ಪೈಪ್ ಹೊರಗೆ ಬರುತ್ತವೆ. ಸ್ಲೀವಿನ ಬಾಯಿಂದ ಬರುವುದು ಒತ್ತಡ ತಡೆಯುವ ಪೈಪ್, ಅದು ಲಿಫ್ಟಿಗೆ. ಟ್ಯಾಂಕ್ ಬಾಯಿಂದ ಬರುವುದು ವಾಪಸ್ ಪೈಪ್, ಅದು ಬೇರೆ ಯಾವುದಕ್ಕೂ ಸೇರದೆ ನೇರವಾಗಿ ಹೌಸಿಂಗಿಗೆ. ಪಂಪಿನದೂ ಸೇರಿ ಒಟ್ಟು ಮೂರು ಪೈಪ್. ನಿಮ್ಮ ಟ್ರ್ಯಾಕ್ಟರಿನಲ್ಲಿ ಎರಡೇ ಇವೆ. ಕಾಯಿಲೆ ಅಷ್ಟೇ.

ವಾಲ್ವಿನ ಮೈ ಮೇಲೆ ಅಕ್ಷರ ಕೆತ್ತಿರುತ್ತಾರೆ, ಬಣ್ಣ ಕೆರೆದು ನೋಡಿ. ‘ಪಿ’ ಅಥವಾ ‘ಇನ್’ ಅಂದರೆ ಪಂಪಿನಿಂದ ಬರುವುದು. ‘ಟಿ’ ಅಂದರೆ ಟ್ಯಾಂಕ್. ‘ಪಿಬಿ’ ಅಥವಾ ‘ಎಚ್‌ಪಿಸಿಒ’ ಅಂತಿದ್ದರೆ ಅದು ಸ್ಲೀವ್ ಕೂರುವ ಜಾಗ. ಎ-1, ಬಿ-1, ಎ-2, ಬಿ-2 ಅನ್ನುವವು ಜಾಕುಗಳಿಗೆ ಹೋಗುವವು. ಕೆಲವು ವಾಲ್ವಿನಲ್ಲಿ ಸ್ಲೀವ್ ಜಾಗಕ್ಕೆ ಸಾದಾ ಬಿರಡೆ ಹಾಕಿರುತ್ತಾರೆ. ಕೆಲವದರಲ್ಲಿ ಟ್ಯಾಂಕ್ ಬಾಯಿ ಎರಡು ಇರುತ್ತವೆ, ಅದರಲ್ಲಿ ಒಂದರೊಳಗೆ ಮಾತ್ರ ಸ್ಲೀವ್ ಕೂರುತ್ತದೆ.

ನಿಮ್ಮದು ಸೆಕೆಂಡ್ ಹ್ಯಾಂಡ್ ಅಲ್ವಾ, ಒಳಗೆ ಈಗಾಗಲೇ ಸ್ಲೀವ್ ಇದೆಯೋ ಇಲ್ಲವೋ ಎನ್ನುವುದನ್ನು ಮೊದಲು ನೋಡಿಕೊಳ್ಳಿ. ಎಂಜಿನ್ ಆಫ್ ಮಾಡಿ, ಬಕೆಟ್ ನೆಲಕ್ಕಿಟ್ಟು, ಪೈಪ್ ಬಿಚ್ಚಿ, ಜಾಯ್‌ಸ್ಟಿಕ್ ನ್ಯೂಟ್ರಲ್‌ನಲ್ಲಿಟ್ಟು ‘ಪಿ’ ಬಾಯಿಗೆ ಕಡಿಮೆ ಒತ್ತಡದಲ್ಲಿ ಗಾಳಿ ಊದಿ. ಗಾಳಿ ‘ಟಿ’ಯಲ್ಲಿ ಬಂದರೆ ಸ್ಲೀವ್ ಇಲ್ಲ. ‘ಪಿಬಿ’ಯಲ್ಲಿ ಮಾತ್ರ ಬಂದರೆ ಸ್ಲೀವ್ ಇದೆ. ಎಲ್ಲೂ ಬರದಿದ್ದರೆ ಒಳಗೆ ಕ್ಲೋಸ್ಡ್ ಸೆಂಟರ್ ಪ್ಲಗ್ ಹಾಕಿದ್ದಾರೆ ಅಂತ ಅರ್ಥ. ಆ ಪ್ಲಗ್ ಸ್ಲೀವಿನ ಜಾಗದಲ್ಲೇ ಕೂರುತ್ತದೆ, ನೋಡಲೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಅದು ಬೇರೆ ಬಗೆಯ ಪಂಪಿಗೆ ಮಾಡಿದ್ದು. ಗೇರ್ ಪಂಪಿನ ಜೊತೆ ಅದನ್ನು ಬಳಸಿದರೆ ಎಂಜಿನ್ ಶುರುವಾದ ಕ್ಷಣದಿಂದ ಆಯಿಲಿಗೆ ದಾರಿಯೇ ಇರುವುದಿಲ್ಲ, ರಿಲೀಫ್ ಒಂದೇ ಸಮನೆ ಕಿರುಚುತ್ತದೆ. ಸ್ಲೀವ್ ಹಾಕಿ ಅದರ ಬಾಯಿಗೆ ಬಿರಡೆ ಬಿಗಿದರೂ ಇದೇ ಗತಿ.

ಸ್ಲೀವ್ ಕೊಳ್ಳುವಾಗ ವಾಲ್ವಿನ ಕಂಪನಿ, ಮಾಡೆಲ್ ನಂಬರ್ ಎರಡನ್ನೂ ತೋರಿಸಿ. ಒಂದು ಕಂಪನಿಯದು ಇನ್ನೊಂದಕ್ಕೆ ಆಗುವುದಿಲ್ಲ. ಮರೆ (ಥ್ರೆಡ್) ಒಂದೇ ಇದ್ದರೂ ಮೂತಿಯ ಉದ್ದ, ದಪ್ಪ ಬೇರೆ ಇರುತ್ತದೆ. ಲೇತ್‌ನಲ್ಲಿ ಅಂದಾಜಿಗೆ ಕಡೆಸಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಮೂತಿ ಒಳಗಿನ ಅಂಚಿಗೆ ಸರಿಯಾಗಿ ಕೂರದಿದ್ದರೆ ಒತ್ತಡ ಮತ್ತೆ ಟ್ಯಾಂಕ್ ದಾರಿಗೇ ನುಗ್ಗುತ್ತದೆ. ನಿಮ್ಮ ವಾಲ್ವಿಗೆ ಸ್ಲೀವ್ ಸಿಗುವುದೇ ಇಲ್ಲ ಅಂತಾದರೆ, ಸ್ಲೀವ್ ಸಮೇತ ಬರುವ ಬೇರೆ ವಾಲ್ವ್ ತೆಗೆದುಕೊಳ್ಳುವುದೇ ಕೊನೆಗೆ ಕಡಿಮೆ ಖರ್ಚಿನ ದಾರಿ.

ಟ್ಯಾಂಕ್ ಪೈಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಒತ್ತಡ ಇಲ್ಲ ಅಂತ ಎಲ್ಲರೂ ಇದನ್ನು ಹಗುರವಾಗಿ ನೋಡುತ್ತಾರೆ. ಕೈಗೆ ಸಿಕ್ಕ ಸಣ್ಣ ಪೈಪ್ ಹಾಕುತ್ತಾರೆ. ಒಂದು ಲೆಕ್ಕ ನೋಡಿ. ನಿಮಿಷಕ್ಕೆ 40 ಲೀಟರ್ ಆಯಿಲ್ ಅರ್ಧ ಇಂಚಿನ ಹೋಸಿನಲ್ಲಿ ಹೋದರೆ ಸೆಕೆಂಡಿಗೆ ಐದು ಮೀಟರ್‌ಗಿಂತ ತುಸು ಹೆಚ್ಚಿನ ವೇಗ ಬರುತ್ತದೆ. ಒತ್ತಡದ ಪೈಪಿಗೆ ಅದು ನಡೆಯುತ್ತದೆ. ವಾಪಸ್ ಪೈಪಿನಲ್ಲಿ ಎರಡು, ಎರಡೂವರೆ ಮೀಟರ್ ಆಸುಪಾಸು ಇರಬೇಕು, ಇಲ್ಲದಿದ್ದರೆ ಹಿಂದೆ ಒತ್ತಡ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮುಕ್ಕಾಲು ಇಂಚು ಬೇಕು. ಹಾಗಾಗಿ ಪಂಪಿನಿಂದ ವಾಲ್ವಿಗೆ ಮತ್ತು ವಾಲ್ವಿನಿಂದ ಲಿಫ್ಟಿಗೆ ಅರ್ಧ ಇಂಚು, ಟ್ಯಾಂಕಿಗೆ ಮುಕ್ಕಾಲು ಇಂಚು ಹಾಕಿ. ಹೋಸಿನ ಮೇಲೆ ಆರ್-1, ಆರ್-2 ಅಂತ ಬರೆದಿರುತ್ತದೆ. ಆರ್-1 ಅಂದರೆ ಒಳಗೆ ಒಂದು ಪದರ ತಂತಿ ಹೆಣಿಗೆ, ಆರ್-2 ಅಂದರೆ ಎರಡು. ಅರ್ಧ ಇಂಚಿನ ಆರ್-1 ಹೋಸ್ ಸುಮಾರು 160 ಬಾರ್‌ಗೆ ಮಾಡಿದ್ದು, ಆರ್-2 ಸುಮಾರು 275 ಬಾರ್‌ಗೆ. ಲೋಡರಿನಲ್ಲಿ ಒತ್ತಡ ಬರುವ ಎಲ್ಲ ಕಡೆ ಆರ್-2 ಇರಲಿ. ಹಾಸನ, ಚಿಕ್ಕಮಗಳೂರಿನಲ್ಲಿ ಹೋಸ್ ಅಳತೆಗೆ ಕತ್ತರಿಸಿ ತುದಿ ಪ್ರೆಸ್ ಮಾಡಿಕೊಡುವವರಿದ್ದಾರೆ. ಹಳೆಯ ಹೋಸಿಗೆ ಕ್ಲಿಪ್ ಬಿಗಿದು ತೇಪೆ ಹಾಕುವ ಕೆಲಸ ಬೇಡ.

ವಾಪಸ್ ಪೈಪ್ ಹೌಸಿಂಗಿನೊಳಗೆ ಎಲ್ಲಿ ಇಳಿಯುತ್ತದೆ ಎನ್ನುವುದೂ ಮುಖ್ಯ. ಮೇಲಿನಿಂದ ಧಾರೆಯಾಗಿ ಬಿದ್ದರೆ ಆಯಿಲ್ ನೊರೆಯಾಗುತ್ತದೆ, ಪಂಪ್ ಆ ನೊರೆಯನ್ನೇ ಎಳೆದುಕೊಂಡು ಕೊರಗುಟ್ಟುತ್ತದೆ. ಆಯಿಲ್ ಮಟ್ಟದ ಕೆಳಗೆ ಬಂದು ಸೇರುವ ಜಾಗ ಇದ್ದರೆ ಒಳ್ಳೆಯದು. ನಿಮ್ಮ ಟ್ರ್ಯಾಕ್ಟರಿನ ಮ್ಯಾನ್ಯುಯಲ್‌ನಲ್ಲಿ ಹೊರಗಿನ ರಿಟರ್ನ್ ಕೊಡುವ ಪ್ಲಗ್ ಯಾವುದು ಅಂತ ತೋರಿಸಿರುತ್ತಾರೆ. ಗಾಳಿಯಾಡಲು ಇರುವ ಬ್ರೀದರ್ ತೂತಿಗೆ ಮಾತ್ರ ಕೊಡಬೇಡಿ. ಮರೆಗಳಿಗೆ ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸವನ್ನೂ ಬಿಡಿ. ಬಿಎಸ್‌ಪಿ ಎನ್ನುವ ನೇರ (ಪ್ಯಾರಲಲ್) ಮರೆಯಲ್ಲಿ ಸೋರಿಕೆ ತಡೆಯುವುದು ಕೋನ್ ಅಥವಾ ಬಾಂಡೆಡ್ ವಾಷರ್, ಮರೆಯಲ್ಲ. ಟೇಪಿನ ಚೂರು ಒಳಗೆ ಹೋಗಿ ರಿಲೀಫ್ ವಾಲ್ವಿನ ಕೂರುವ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ.

ಈಗ ರಿಲೀಫ್ ವಿಷಯ. ಎಷ್ಟೋ ಟ್ರ್ಯಾಕ್ಟರಿನಲ್ಲಿ ರಿಲೀಫ್ ವಾಲ್ವ್ ಹಿಂದಿನ ಲಿಫ್ಟಿನ ಮೇಲ್ಭಾಗದಲ್ಲೇ ಇರುತ್ತದೆ. ನೀವು ಪಂಪಿಗೂ ಲಿಫ್ಟಿಗೂ ನಡುವೆ ಲೋಡರ್ ವಾಲ್ವ್ ತೂರಿಸಿದ್ದೀರಿ. ಜಾಯ್‌ಸ್ಟಿಕ್ ಪೂರ್ತಿ ಎಳೆದಾಗ ನಡುವಿನ ದಾರಿ ಮುಚ್ಚಿಕೊಳ್ಳುತ್ತದೆ. ಆಗ ಪಂಪಿಗೂ ಆ ಹಿಂದಿನ ರಿಲೀಫಿಗೂ ಸಂಬಂಧವೇ ಇರುವುದಿಲ್ಲ. ಪಂಪನ್ನು ಕಾಪಾಡುವುದು ಲೋಡರ್ ವಾಲ್ವಿನೊಳಗಿನ ರಿಲೀಫ್ ಒಂದೇ. ಅದು ಇದೆಯೇ, ಕೆಲಸ ಮಾಡುತ್ತದೆಯೇ ಅಂತ ಗೇಜ್ ಹಾಕಿ ನೋಡಲೇಬೇಕು. ‘ಪಿ’ ಬಾಯಿ ಹತ್ತಿರ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, 400 ಬಾರ್ ತನಕ ತೋರಿಸುವ ಗೇಜ್ ಜೋಡಿಸಿ. ಎಲ್ಲ ನ್ಯೂಟ್ರಲ್‌ನಲ್ಲಿದ್ದಾಗ ಮುಳ್ಳು 20 ಬಾರ್ ಒಳಗೆ ಇರಬೇಕು. ಐವತ್ತು ಅರವತ್ತು ತೋರಿಸಿದರೆ ಎಲ್ಲೋ ದಾರಿ ಕಟ್ಟಿದೆ ಅಥವಾ ಪೈಪ್ ಸಣ್ಣದಾಗಿದೆ. ಬೂಮ್ ಪೂರ್ತಿ ಎತ್ತಿ ಇನ್ನೂ ಎರಡು ಸೆಕೆಂಡ್ ಎಳೆದು ಹಿಡಿದಾಗ ತೋರಿಸುವುದು ನಿಮ್ಮ ರಿಲೀಫ್. ಅದು ಟ್ರ್ಯಾಕ್ಟರ್ ಕಂಪನಿ ಪಂಪಿಗೆ ಹೇಳಿದ ಮಿತಿಯೊಳಗೆ ಇರಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಲೋಡರ್ ನ್ಯೂಟ್ರಲ್‌ನಲ್ಲಿದ್ದು ನೀವು ಲಿಫ್ಟ್ ಎತ್ತುವಾಗ, ಲಿಫ್ಟಿನ ಒತ್ತಡವೆಲ್ಲ ಲೋಡರ್ ವಾಲ್ವಿನ ಪಂಪ್ ಬದಿಯಲ್ಲೂ ಇರುತ್ತದೆ. ಲೋಡರ್ ರಿಲೀಫನ್ನು 130 ಬಾರ್‌ಗೆ ಇಳಿಸಿಟ್ಟಿದ್ದರೆ ಹಿಂದಿನ ಲಿಫ್ಟಿಗೂ 130ಕ್ಕಿಂತ ಹೆಚ್ಚು ಸಿಗುವುದಿಲ್ಲ. ‘ಲೋಡರ್ ಹಾಕಿದ ಮೇಲೆ ಲಿಫ್ಟ್ ಸೊರಗಿತು’ ಅಂತ ಪಂಪ್ ಬದಲಿಸಿದವರಲ್ಲಿ ಕೆಲವರ ತೊಂದರೆ ಇಷ್ಟೇ ಆಗಿರುತ್ತದೆ.

ಹಾಗಂತ ರಿಲೀಫ್ ಸ್ಕ್ರೂ ಬಿಗಿದು ಬಲ ಹೆಚ್ಚಿಸಿಕೊಳ್ಳುವುದು ಅಪಾಯ. ಒತ್ತಡ ಕೊಡುವುದು ಬಲ, ಆಯಿಲಿನ ಹರಿವು ಕೊಡುವುದು ವೇಗ. 63 ಮಿಲಿಮೀಟರ್ ಒಳ ಅಳತೆಯ ಜಾಕಿಗೆ 180 ಬಾರ್ ಕೊಟ್ಟರೆ ಸುಮಾರು 5,700 ಕೆಜಿ ಬಲ. ಬೂಮಿಗೆ ಅಂಥವು ಎರಡು. ಜಾಕ್ ಬೂಮನ್ನು ಹಿಡಿದಿರುವುದು ಕೀಲಿಗೆ ಹತ್ತಿರ, ಬಕೆಟ್ ಇರುವುದು ದೂರ. ಅದಕ್ಕೇ ಬಕೆಟ್ ಹತ್ತಿರ ಅದರ ಸಣ್ಣ ಪಾಲು ಮಾತ್ರ ಸಿಗುತ್ತದೆ. ಆದರೆ ಪಿನ್ನು, ಬ್ರ್ಯಾಕೆಟ್, ಮುಂದಿನ ಆಕ್ಸಲ್ ಇವೆಲ್ಲ ಪೂರ್ತಿ ಹೊರೆಯನ್ನೇ ತಿನ್ನುತ್ತವೆ. ಬೂಮ್ ನಿಧಾನ ಅನ್ನಿಸಿದರೆ ಸ್ಕ್ರೂ ಬಿಗಿದು ಪ್ರಯೋಜನವೇ ಇಲ್ಲ. ಆ ಎರಡು ಜಾಕ್ ಅರ್ಧ ಮೀಟರ್ ಹೊರಗೆ ಬರಲು ಮೂರು ಲೀಟರ್‌ಗಿಂತ ಸ್ವಲ್ಪ ಹೆಚ್ಚು ಆಯಿಲ್ ಬೇಕು. ಪಂಪ್ ನಿಮಿಷಕ್ಕೆ 30 ಲೀಟರ್ ಕೊಟ್ಟರೆ ಅದು ಆರು ಸೆಕೆಂಡ್ ಚಿಲ್ಲರೆ ಕೆಲಸ. ಅದಕ್ಕಿಂತ ಬೇಗ ಬೇಕೆಂದರೆ ಹರಿವು ಜಾಸ್ತಿ ಬೇಕು. ಜಾಕ್ ತುದಿ ಮುಟ್ಟಿದ ಮೇಲೂ ಲಿವರ್ ಹಿಡಿದೇ ಇರುವ ಡ್ರೈವರ್‌ಗಳಿಗೂ ಒಂದು ಮಾತು ಹೇಳಿ. 30 ಲೀಟರ್, 180 ಬಾರ್‌ನಲ್ಲಿ ರಿಲೀಫ್ ಮೂಲಕ ಹೋದರೆ 9 ಕಿಲೋವ್ಯಾಟ್, ಅಂದರೆ 12 ಎಚ್‌ಪಿಯಷ್ಟು ಶಕ್ತಿ ಬರೀ ಬಿಸಿಯಾಗಿ ಆಯಿಲಿಗೆ ಸೇರುತ್ತದೆ.

ತುಂಬಿದ ಬಕೆಟ್ ಮೊದಲು ಕುಸಿದು ಆಮೇಲೆ ಏಳುವುದಕ್ಕೆ ಕಾರಣ ಲೋಡ್ ಚೆಕ್. ಸ್ಪೂಲ್ ಸ್ವಲ್ಪ ಸರಿದಾಗ ಜಾಕಿನ ಬಾಯಿ ಪಂಪಿನ ಕಡೆಗೆ ತೆರೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಪಂಪ್ ಬದಿಯ ಒತ್ತಡ ಇನ್ನೂ ಕಡಿಮೆ, ಜಾಕಿನ ಒಳಗಿನದು ಜಾಸ್ತಿ. ಆಯಿಲ್ ಹಿಂದಕ್ಕೆ ಓಡದಂತೆ ತಡೆಯಲು ವಾಲ್ವಿನೊಳಗೆ ಸ್ಪ್ರಿಂಗ್ ಹಾಕಿದ ಸಣ್ಣ ಚೆಕ್ ಇರುತ್ತದೆ. ಅದರಲ್ಲಿ ಕಸ ಕೂತಿದ್ದರೆ, ಸ್ಪ್ರಿಂಗ್ ಮುರಿದಿದ್ದರೆ ಅಥವಾ ಹಿಂದಿನ ಮಾಲೀಕರು ಬಿಚ್ಚಿದಾಗ ಅದನ್ನು ಹಾಕಲು ಮರೆತಿದ್ದರೆ ನೀವು ಹೇಳಿದ ಹಾಗೇ ಆಗುತ್ತದೆ. ವಾಲ್ವ್ ಹೇಗೂ ಬಿಚ್ಚುತ್ತೀರಿ, ಆಗಲೇ ಇದನ್ನೂ ತೊಳೆದು ನೋಡಿ. ಲಿವರ್ ಮುಟ್ಟದೆಯೇ ಬೂಮ್ ನಿಧಾನವಾಗಿ ಇಳಿಯುತ್ತಿದ್ದರೆ ಅದು ಬೇರೆ ವಿಷಯ. ಆಗ ಎಲ್ಲರೂ ಮೊದಲು ಜಾಕಿನ ಪಿಸ್ಟನ್ ಸೀಲ್ ಬದಲಿಸುತ್ತಾರೆ. ಆದರೆ ಬೂಮ್ ಇಳಿಯಬೇಕೆಂದರೆ ರಾಡ್ ಒಳಗೆ ಬರಬೇಕು. ರಾಡ್ ಒಳಗೆ ಬಂದರೆ ಅಷ್ಟು ಜಾಗದ ಆಯಿಲ್ ಜಾಕಿನಿಂದ ಹೊರಗೆ ಹೋಗಲೇಬೇಕು. ಹೊರಗೆಲ್ಲೂ ತೊಟ್ಟಿಕ್ಕದಿದ್ದರೆ ಅದು ಹೋಗುವುದು ಸವೆದ ಸ್ಪೂಲಿನ ಸಂದಿನಿಂದ. ಪಿಸ್ಟನ್ ಸೀಲ್ ಹೋಗಿದ್ದರೆ ಒಳಗಿನ ಒತ್ತಡ ಏರಿ ಆ ಸೋರಿಕೆ ಹೆಚ್ಚುತ್ತದೆ ಅಷ್ಟೇ. ಹಾಗಾಗಿ ಸ್ಪೂಲನ್ನೂ ನೋಡಿಸಿ.

ಜಾಕಿನ ನಾಲ್ಕು ಪೈಪ್ ಮತ್ತೆ ಜೋಡಿಸುವಾಗ ಒಂದು ಎಚ್ಚರ. ಎರಡು ಸ್ಪೂಲ್ ಒಂದೇ ಥರ ಇರುವುದಿಲ್ಲ. ಬೂಮಿನ ಸ್ಪೂಲಿಗೆ ನಾಲ್ಕನೆಯ ಸ್ಥಾನ ಇರುತ್ತದೆ, ಫ್ಲೋಟ್. ಲಿವರನ್ನು ಮುಂದಕ್ಕೆ ಪೂರ್ತಿ ಒತ್ತಿದರೆ ಅಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಜಾಕಿನ ಎರಡೂ ಬದಿ ಟ್ಯಾಂಕಿಗೆ ತೆರೆದುಕೊಂಡು ಬಕೆಟ್ ನೆಲದ ಏರಿಳಿತ ಅನುಸರಿಸಿ ಜಾರುತ್ತದೆ. ಎ ಮತ್ತು ಬಿ ಪೈಪ್ ಅದಲುಬದಲಾದರೆ ಲಿವರ್ ಹಿಂದುಮುಂದಾಗುತ್ತದೆ, ಅದು ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾಗದ್ದು ಏನೆಂದರೆ, ಫ್ಲೋಟ್ ಆಗ ‘ಎತ್ತು’ ಸ್ಥಾನದ ಆಚೆ ಬಂದು ಕೂರುತ್ತದೆ. ತುಂಬಿದ ಬಕೆಟನ್ನು ಇನ್ನಷ್ಟು ಎತ್ತಲು ಲಿವರ್ ಜೋರಾಗಿ ಒತ್ತಿದಾಗ ಬೂಮ್ ದಡಕ್ಕನೆ ನೆಲಕ್ಕೆ ಬೀಳುತ್ತದೆ. ಖಾಲಿ ಬಕೆಟ್ ಇಟ್ಟುಕೊಂಡು, ಸುತ್ತ ಯಾರೂ ಇಲ್ಲದಾಗ, ಮೊದಲು ಇದನ್ನೇ ಪರೀಕ್ಷೆ ಮಾಡಿ.

ಬೇರೆ ಪಂಪ್ ಬೇಕೇ? ನಿಮ್ಮ ಟ್ರ್ಯಾಕ್ಟರಿಗೆ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಂಪ್ ಎಂಜಿನ್ ಪಕ್ಕದಲ್ಲಿದೆ, ಅದರ ಪೈಪ್ ಹೊರಗಿನಿಂದಲೇ ಹಿಂದಕ್ಕೆ ಹೋಗುತ್ತದೆ, ನಡುವೆ ವಾಲ್ವ್ ತೂರಿಸಲು ಜಾಗ ಇದೆ. ಆದರೆ ಹಳೆಯ ಮ್ಯಾಸ್ಸಿ ಫರ್ಗ್ಯೂಸನ್ ಮಾದರಿಯ ಟ್ರ್ಯಾಕ್ಟರ್ ಇರುವವರು ಈ ಉತ್ತರವನ್ನು ಹಾಗೇ ಅನುಸರಿಸಬಾರದು. ಅವುಗಳಲ್ಲಿ ಪಂಪ್ ಹೌಸಿಂಗಿನೊಳಗೆ ಮುಳುಗಿರುತ್ತದೆ, ಆಯಿಲನ್ನು ನಿಯಂತ್ರಿಸುವುದೂ ಪಂಪ್ ಎಳೆದುಕೊಳ್ಳುವ ಬದಿಯಲ್ಲಿ. ಸದಾ ಹರಿಯುವ ಆಯಿಲ್ ಅಲ್ಲಿ ಇಲ್ಲ. ಅಂಥದ್ದಕ್ಕೆ ಮುಂದಿನ ಕ್ರ್ಯಾಂಕ್ ಪುಲ್ಲಿಯಿಂದ ತಿರುಗುವ ಬೇರೆ ಪಂಪ್, ಬೇರೆ ಟ್ಯಾಂಕ್, ರಿಟರ್ನ್ ಫಿಲ್ಟರ್ ಹಾಕುವುದೇ ಸರಿ. ಹಾಗೆ ಮಾಡಿದರೆ ಒಂದು ಲಾಭವೂ ಇದೆ, ಲೋಡರ್ ಜಾಕಿನ ಮಣ್ಣು ಮಸಿ ಗೇರ್ ಬಾಕ್ಸಿನ ಆಯಿಲಿಗೆ ಸೇರುವುದಿಲ್ಲ. ಪವರ್ ಸ್ಟೀರಿಂಗ್ ಅದೇ ಪಂಪಿನಿಂದ ನಡೆಯುವ ಟ್ರ್ಯಾಕ್ಟರ್ ಆದರೆ ಸ್ಟೀರಿಂಗಿಗೆ ಆಯಿಲ್ ಹೋದ ಮೇಲಿನ ಜಾಗದಿಂದಲೇ ಲೋಡರಿಗೆ ತೆಗೆದುಕೊಳ್ಳಬೇಕು, ಅದರ ಮುಂಚೆ ಕೈ ಹಾಕಬಾರದು.

ಟ್ರಾಲಿ ಎತ್ತುವ ಟಿಪ್ಪಿಂಗ್ ಪೈಪಿನಿಂದ ಲೋಡರಿಗೆ ಆಯಿಲ್ ಕೊಡುವವರೂ ಇದ್ದಾರೆ. ಅದಕ್ಕೆ ಲಿವರನ್ನು ಸದಾ ಎತ್ತಿದ ಸ್ಥಾನದಲ್ಲೇ ಕಟ್ಟಿಡಬೇಕು, ಅಷ್ಟು ಹೊತ್ತೂ ಹಿಂದಿನ ಲಿಫ್ಟ್ ಸರಿಯಾಗಿ ಕೆಲಸ ಮಾಡುವುದಿಲ್ಲ. ನಾನು ಅದನ್ನು ಒಪ್ಪುವುದಿಲ್ಲ.

ಇನ್ನು ಲೋಡರ್ ಬಿಚ್ಚುವ ಪ್ರಶ್ನೆ. ವಾಲ್ವನ್ನು ಟ್ರ್ಯಾಕ್ಟರಿಗೇ ಗಟ್ಟಿಯಾಗಿ ಕೂರಿಸಿ, ಬಿಚ್ಚುವಾಗ ಜಾಕಿಗೆ ಹೋಗುವ ನಾಲ್ಕು ಪೈಪ್ ಮಾತ್ರ ಕ್ವಿಕ್ ಕಪ್ಲರಿನಲ್ಲಿ ಬಿಡಿಸುವಂತೆ ಮಾಡಿ. ಪಂಪಿನ ಪೈಪ್, ಲಿಫ್ಟಿನ ಪೈಪ್, ಟ್ಯಾಂಕ್ ಪೈಪ್ ಈ ಮೂರನ್ನೂ ಮುಟ್ಟುವ ಹಾಗೇ ಇರಬಾರದು. ಏಕೆಂದರೆ ಕಪ್ಲರ್ ಬಿಚ್ಚಿದ ತಕ್ಷಣ ಅದರ ಬಾಯಿ ಮುಚ್ಚಿಕೊಳ್ಳುತ್ತದೆ. ಪಂಪಿನ ಪೈಪಿನಲ್ಲಿ ಕಪ್ಲರ್ ಬಿಚ್ಚಿಟ್ಟು ಯಾರಾದರೂ ಎಂಜಿನ್ ಶುರು ಮಾಡಿದರೆ, ಪಂಪಿಗೂ ಅಲ್ಲಿಗೂ ನಡುವೆ ರಿಲೀಫ್ ಇಲ್ಲದಿದ್ದರೆ ಪಂಪ್ ಒಡೆಯಲು ಕ್ಷಣ ಸಾಕು. ಟ್ಯಾಂಕ್ ಪೈಪಿನ ಕಪ್ಲರ್ ಅರ್ಧ ಕೂತಿದ್ದರೂ ನಿಮ್ಮ ಈಗಿನ ಸೀಲ್ ಕತೆಯೇ ಮರುಕಳಿಸುತ್ತದೆ. ವಾಲ್ವ್ ಲೋಡರಿನ ಮೇಲೇ ಇರಲೇಬೇಕು ಅಂತಾದರೆ, ಬಿಚ್ಚಿದ ಕೂಡಲೇ ಪಂಪಿನ ಪೈಪನ್ನೂ ಲಿಫ್ಟಿನ ಪೈಪನ್ನೂ ಒಂದಕ್ಕೊಂದು ಸೇರಿಸಿ, ಆಮೇಲೆ ಕೀ ತಿರುಗಿಸಿ. ಅದನ್ನು ಡ್ಯಾಶ್‌ಬೋರ್ಡ್ ಮೇಲೆ ಬಣ್ಣದಲ್ಲಿ ಬರೆದಿಡಿ.

ಬಿಚ್ಚುವ ಮೊದಲು ಬಕೆಟ್ ನೆಲಕ್ಕಿಟ್ಟು, ಎಂಜಿನ್ ಆಫ್ ಮಾಡಿ, ಜಾಯ್‌ಸ್ಟಿಕ್ಕನ್ನು ನಾಲ್ಕೂ ಕಡೆ ಆಡಿಸಿ ಒಳಗೆ ಉಳಿದ ಒತ್ತಡ ಬಿಡಿ. ಬಿಚ್ಚಿಟ್ಟ ಲೋಡರ್ ಬಿಸಿಲಿನಲ್ಲಿದ್ದರೆ ಒಳಗಿನ ಆಯಿಲ್ ಹಿಗ್ಗಿ ಕಪ್ಲರ್ ಮತ್ತೆ ಕೂರದ ಹಾಗಾಗುತ್ತದೆ, ಅದಕ್ಕೆ ನೆರಳಿನಲ್ಲಿಡಿ. ರಾಡ್‌ಗಳು ಆದಷ್ಟು ಒಳಗೆ ಇರಲಿ. ನಮ್ಮ ಕಡೆಯ ಮಳೆಗಾಲಕ್ಕೆ ಹೊರಗಿರುವ ರಾಡ್ ತುಕ್ಕು ಹಿಡಿದು, ಮುಂದಿನ ಸಲ ಸೀಲನ್ನು ಗರಗಸದಂತೆ ಕೊಯ್ಯುತ್ತದೆ.

ಹೊಸ ಪೈಪ್ ಹಾಕಿದ ದಿನ ಎಂಜಿನ್ ನಿಧಾನದಲ್ಲಿಟ್ಟು, ಖಾಲಿ ಬಕೆಟ್‌ನಲ್ಲಿ, ಒಂದೊಂದೇ ಜಾಕನ್ನು ತುದಿಯಿಂದ ತುದಿಗೆ ಕೆಲವು ಸಲ ಓಡಿಸಿ ಗಾಳಿ ತೆಗೆಯಿರಿ. ಆಮೇಲೆ ಬೂಮ್ ಇಳಿಸಿ, ರಾಡ್‌ಗಳನ್ನು ಒಳಗೆ ಎಳೆದುಕೊಂಡು ಆಯಿಲ್ ಮಟ್ಟ ನೋಡಿ. ಲೋಡರ್ ಜಾಕು ಹೋಸು ಸೇರಿ ಐದಾರು ಲೀಟರ್ ಕುಡಿದಿರುತ್ತದೆ. ಟ್ರ್ಯಾಕ್ಟರಿನಲ್ಲಿ ಈಗಿರುವ ಬಗೆಯ ಆಯಿಲನ್ನೇ ಹಾಕಿ, ಅದೇ ಆಯಿಲ್ ಗೇರಿಗೂ ಆಯಿಲಿನಲ್ಲಿ ಮುಳುಗಿರುವ ವೆಟ್ ಬ್ರೇಕಿಗೂ ಹೋಗುತ್ತದೆ.

ಸೋರಿಕೆ ಹುಡುಕುವಾಗ ಕೈಯಿಂದ ಮಾತ್ರ ಸವರಬೇಡಿ. ರಟ್ಟಿನ ತುಂಡು ಹಿಡಿದು ನೋಡಿ. ಹೋಸಿನ ಸೂಜಿ ತೂತಿನಿಂದ ಬರುವ ಆಯಿಲ್ ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದರೂ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಇರುವೆ ಕಚ್ಚಿದಷ್ಟೇ ಕಾಣುತ್ತದೆ, ಮೊದಲು ನೋವೂ ಇರುವುದಿಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗದಿದ್ದರೆ ಬೆರಳು, ಕೈ ಕಳೆದುಕೊಳ್ಳಬೇಕಾಗುತ್ತದೆ. ಹಾಗಾದರೆ ತಡ ಮಾಡದೆ ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ, ‘ಒತ್ತಡದ ಆಯಿಲ್ ಚರ್ಮದೊಳಗೆ ಹೋಗಿದೆ’ ಅಂತ ಬಾಯಿಬಿಟ್ಟು ಹೇಳಬೇಕು. ಎತ್ತಿದ ಬೂಮಿನ ಕೆಳಗೆ ತಲೆ ಹಾಕಿ ಪೈಪ್ ಬಿಗಿಯುವುದೂ ಬೇಡ. ಬೂಮನ್ನು ಎತ್ತಿ ಹಿಡಿದಿರುವುದು ಒಂದು ಹೋಸ್ ಅಷ್ಟೇ.

ಸ್ಲೀವ್ ಹುಡುಕಲು ಹೊರಡುವ ಮುಂಚೆ ವಾಲ್ವಿನ ಎಲ್ಲ ಮುಖಗಳ ಫೋಟೋ, ಮೇಲಿನ ನಂಬರ್, ಬಿರಡೆ ಇರುವ ಬಾಯಿಯ ಒಳ ಅಳತೆ ಮೂರನ್ನೂ ತೆಗೆದಿಟ್ಟುಕೊಳ್ಳಿ. ಹಳೆಯ ಬಿರಡೆಯನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗಿ, ಮರೆ ಹೋಲಿಸಿ ನೋಡಲು ಬೇಕಾಗುತ್ತದೆ.